ಟೈಟಾನಿಯಂ ಕೊಟ್ಟ ಕ್ರೋಲ್

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಅಂತ ಟೆಕ್ಸಾಸ್ ತುಂಬ ಚದುರಿಕೊಂಡಿರುವ ನಮ್ಮಂಥ ಇಂಜಿನಿಯರಿಂಗ್‌ನವರಿಗೆ ಟೈಟಾನಿಯಂ ಅಂದ್ರೆ ಮೊದಲು ನೆನಪಾಗೋದು ವಿಮಾನ. ಆದರೆ ಡಲ್ಲಾಸ್‌ನ ದಂತವೈದ್ಯ ಕಾಲೇಜಿನಲ್ಲಿ, ಅದು ಇನ್ನೂ ಬೇಲರ್ ಹೆಸರಿನಲ್ಲಿದ್ದಾಗಲೇ, ಟೈಟಾನಿಯಂ ತುಂಡುಗಳನ್ನು ಲೇಸರ್‌ನಿಂದ ಬೆಸೆದು ಆ ಬೆಸುಗೆ ಎಷ್ಟು ಗಟ್ಟಿ ಅಂತ ಪರೀಕ್ಷಿಸಿದ್ದಾರೆ. ಕೃತಕ ಹಲ್ಲಿನ ಚೌಕಟ್ಟು ದಿನಾ ಅಗಿಯೋ ಒತ್ತಡ ತಡೀಬೇಕಲ್ವಾ! ಈ ಲೋಹವನ್ನು ಬಳಕೆಗೆ ತಂದವರು ವಿಲಿಯಂ ಜಸ್ಟಿನ್ ಕ್ರೋಲ್.

ಕ್ರೋಲ್ ಹುಟ್ಟಿದ್ದು 1889ರಲ್ಲಿ, ಪುಟ್ಟ ದೇಶ ಲಕ್ಸೆಂಬರ್ಗ್‌ನ ಎಶ್ ಎಂಬ ಕಬ್ಬಿಣದ ಊರಿನಲ್ಲಿ. ಬರ್ಲಿನ್‌ನಲ್ಲಿ ಲೋಹಶಾಸ್ತ್ರ ಓದಿ, ಕೊನೆಗೆ ತಮ್ಮೂರ ಕಡೆಗೇ ಮರಳಿ ಸ್ವಂತ ಪ್ರಯೋಗಾಲಯ ಕಟ್ಟಿಕೊಂಡರು. ಶುದ್ಧ ಟೈಟಾನಿಯಂ ಅನ್ನು ಹಂಟರ್ ಎಂಬುವರು 1910ರಲ್ಲೇ ತೆಗೆದಿದ್ದರೂ ಅದು ಕಾರ್ಖಾನೆಗೆ ಒಗ್ಗಿರಲಿಲ್ಲ. ತೊಂದರೆ ಗಾಳಿಯದ್ದು. ಕಾದ ಟೈಟಾನಿಯಂ ಆಮ್ಲಜನಕ, ಸಾರಜನಕ ಎರಡನ್ನೂ ಹೀರಿಕೊಂಡು ಪೆಡಸಾಗಿಬಿಡುತ್ತೆ. ಕ್ರೋಲ್ ಅವರು ಟೈಟಾನಿಯಂ ಕ್ಲೋರೈಡನ್ನು ಮೆಗ್ನೀಸಿಯಂ ಜೊತೆ, ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಕಾಯಿಸಿದರು. ಸಿಕ್ಕಿದ್ದು ಸ್ಪಂಜಿನಂಥ ಲೋಹ. 1938ರಲ್ಲಿ ಮಾದರಿ ಹಿಡಿದು ಅಮೆರಿಕಕ್ಕೆ ಬಂದರೂ ಕಂಪನಿಗಳು ಆಸಕ್ತಿ ತೋರಿಸಲಿಲ್ಲ.

1940ರ ಫೆಬ್ರವರಿಯಲ್ಲಿ ಅವರು ದೇಶ ಬಿಟ್ಟು ಅಮೆರಿಕಕ್ಕೆ ಬಂದರು. ಮೇ ತಿಂಗಳಲ್ಲಿ ಜರ್ಮನ್ ಸೇನೆ ಲಕ್ಸೆಂಬರ್ಗ್‌ಗೆ ನುಗ್ಗಿತು. ಜೂನ್‌ನಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಆದರೆ ಯುದ್ಧ ಬಂದಾಗ ವಿದೇಶಿಯರ ಆಸ್ತಿ ಅಂತ ಸರ್ಕಾರ ಅದನ್ನು ವಶಪಡಿಸಿಕೊಂಡಿತು. ವೀಸಾ ಕಾಗದ ಎದೆಗವಚಿಕೊಂಡು ಓಡಾಡುವ ನಮಗೆ ಆ ಸಂಕಟ ಸ್ವಲ್ಪ ಅರ್ಥವಾಗುತ್ತೆ. ಕ್ರೋಲ್ ಸುಮ್ಮನಿರಲಿಲ್ಲ. ಒಂದು ಕಡೆ ಪೇಟೆಂಟ್‌ಗಾಗಿ ಕಾನೂನಿನ ಹೋರಾಟ ನಡೆಸಿದರು, ಇನ್ನೊಂದು ಕಡೆ ಆರೆಗಾನ್‌ನ ಆಲ್ಬನಿಯಲ್ಲಿ ಬ್ಯೂರೋ ಆಫ್ ಮೈನ್ಸ್‌ಗೆ ಜಿರ್ಕೋನಿಯಂ ತೆಗೆಯೋ ವಿಧಾನ ರೂಪಿಸಿಕೊಟ್ಟರು. 1948ರಲ್ಲಿ ಡ್ಯುಪಾಂಟ್ ಕಂಪನಿ ಅವರ ವಿಧಾನದಿಂದಲೇ ಟೈಟಾನಿಯಂ ಮಾರಾಟಕ್ಕೆ ತಂದಿತು. ಪೇಟೆಂಟ್ ಹಕ್ಕೂ ಕೊನೆಗೆ ಕೈಸೇರಿತು. ಮುಂದೆ ಯುರೋಪಿಗೆ ಮರಳಿ, 1973ರಲ್ಲಿ ತೀರಿಕೊಂಡರು.

1965ರಲ್ಲಿ ಸ್ವೀಡನ್‌ನ ಬ್ರೋನೆಮಾರ್ಕ್ ರೋಗಿಯ ದವಡೆಗೆ ಟೈಟಾನಿಯಂ ತಿರುಪು ಕೂರಿಸಿ, ಅದು ಮೂಳೆಯೊಂದಿಗೆ ಬೆಸೆದುಕೊಳ್ಳುತ್ತೆ ಅಂತ ತೋರಿಸಿದರು. ಅದರ ಮೇಲಿನ ಚೌಕಟ್ಟು ಬೆಸೆಯುವಾಗ ಹಳೇ ಪಾಠವೇ ಕೆಲಸಕ್ಕೆ ಬರುತ್ತೆ. ಲೇಸರ್ ಕಿರಣ ಒಳಗಿನ ತನಕ ಇಳಿಯದಿದ್ದರೆ ನಡುವೆ ಬೆಸೆಯದ ಜಾಗ ಉಳಿದು ಬಲ ಕುಗ್ಗುತ್ತೆ. ಆರ್ಗಾನ್ ಸಾಲದಿದ್ದರೆ ಬೆಸುಗೆ ನೀಲಿಯಾಗಿ ಪೆಡಸಾಗುತ್ತೆ, ಬೆಳ್ಳಿಯಂತೆ ಹೊಳೆದರೆ ಒಳ್ಳೇ ಲಕ್ಷಣ. ನಮ್ಮ ಕೊಲ್ಲಂ ಬಳಿಯ ಚವರದ ಟೈಟಾನಿಯಂ ಸ್ಪಂಜ್ ಕಾರ್ಖಾನೆಯೂ ನಡೆಯೋದು ಕ್ರೋಲ್ ವಿಧಾನದಲ್ಲೇ.

ಹೆಚ್ಚಿನವರಿಗೆ ಅವರ ಹೆಸರೇ ಗೊತ್ತಿಲ್ಲ. ಮುಂದಿನ ಸಲ ಲ್ಯಾಬಿನಲ್ಲಿ ಆರ್ಗಾನ್ ಸಿಲಿಂಡರ್ ತಿರುಗಿಸುವಾಗ, ಊರು ಬಿಟ್ಟು ಬಂದು ಹಕ್ಕಿಗಾಗಿ ಗುದ್ದಾಡಿದ ಈ ಹಿರಿಯರನ್ನು ಒಮ್ಮೆ ನೆನೆಯೋಣ.