ಸೋತವರ ಆಟದ ಕಥೆಗಾರ

ಗಾಲ್ಫ್ ಅಂಗಳದಲ್ಲಿ ಪಿ.ಜಿ. ವುಡ್‌ಹೌಸ್ ಗೆದ್ದ ಬಹುಮಾನ ಒಂದೇ. ಅಮೆರಿಕದ ಏಕನ್ ಪಟ್ಟಣದ ಹೋಟೆಲೊಂದರ ಪಂದ್ಯಾವಳಿಯಲ್ಲಿ ದೊರೆತ ಪಟ್ಟೆ ಪಟ್ಟೆಯ ಕೊಡೆ ಅದು. 1881ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, 1902ರಲ್ಲಿ ಬ್ಯಾಂಕ್ ನೌಕರಿ ತೊರೆದು ಲೇಖನಿಯನ್ನೇ ನಂಬಿದ ಅವರಿಗೆ ಈ ಆಟ ಕೀರ್ತಿಯನ್ನಲ್ಲ, ಕಥೆಗಳನ್ನು ಕೊಟ್ಟಿತು. 1922 ಮತ್ತು 1926ರ ಅವರ ಗಾಲ್ಫ್ ಕಥಾಸಂಕಲನಗಳಲ್ಲಿ ಆಡುವುದನ್ನು ಬಿಟ್ಟ ಹಿರಿಯ ಸದಸ್ಯನೊಬ್ಬ ಕ್ಲಬ್ಬಿನಲ್ಲಿ ಕುಳಿತಿರುತ್ತಾನೆ. ನಮ್ಮ ಹಳ್ಳಿಯ ಜಗಲಿಯ ಅಜ್ಜನಂತೆ, ತಪ್ಪಿಸಿಕೊಳ್ಳಲು ಹವಣಿಸುವ ತರುಣರನ್ನು ಹಿಡಿದು ಕೂರಿಸಿ ಕಥೆ ಹೇಳುತ್ತಾನೆ. ಸೋತು ಬಂದವರಿಗೆ ಅದೇ ಸಾಂತ್ವನ.

ಕಥೆ ಹಂಚಿಕೊಳ್ಳುವ ಈ ಹುಮ್ಮಸ್ಸೇ ಅವರಿಗೆ ಮುಳುವಾಯಿತು. 1940ರಲ್ಲಿ ಫ್ರಾನ್ಸಿನ ಲೆ ತುಕೆಯಲ್ಲಿದ್ದ ಅವರನ್ನು ಜರ್ಮನರು ಸೆರೆಹಿಡಿದರು. ಮರುವರ್ಷ ಬಿಡುಗಡೆಯಾದಾಗ, ಬರ್ಲಿನ್ ಬಾನುಲಿಯಲ್ಲಿ ಶಿಬಿರದ ದಿನಗಳನ್ನು ಐದು ಭಾಷಣಗಳಲ್ಲಿ ತಮಾಷೆಯಾಗಿ ಬಣ್ಣಿಸಿದರು. ಅವರು ಉದ್ದೇಶಿಸಿದ್ದು ಅಮೆರಿಕದ ಓದುಗರನ್ನು. ಕೇಳಿ ಕೆರಳಿದ್ದು ಬಾಂಬ್ ದಾಳಿಗೆ ನಲುಗಿದ್ದ ಬ್ರಿಟನ್. ಅದು ಅವಿವೇಕವೇ ಹೊರತು ದೇಶದ್ರೋಹವಲ್ಲ ಎಂಬ ತನಿಖಾ ವರದಿ 1944ರಲ್ಲೇ ಸಿದ್ಧವಾಗಿತ್ತು. ಆದರೆ ಅದು ಪ್ರಕಟವಾದದ್ದು 1980ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಐದು ವರ್ಷಗಳಾಗಿದ್ದವು.

ಯುದ್ಧಾನಂತರ ಅಮೆರಿಕದಲ್ಲಿ ನೆಲೆಸಿದ ವುಡ್‌ಹೌಸ್ ತಾಯ್ನಾಡಿಗೆ ಮರಳಲಿಲ್ಲ; ಹಾಗೆಂದು ಬರಹದಲ್ಲಿ ಕಹಿಯನ್ನೂ ತುಂಬಲಿಲ್ಲ. 1973ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ತಮ್ಮ ಗಾಲ್ಫ್ ಕಥೆಗಳ ಬೃಹತ್ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ ಆ ಕೊಡೆಯನ್ನೇ ಸಡಗರದಿಂದ ನೆನೆದರು. 1975ರ ಆರಂಭದಲ್ಲಿ ಬ್ರಿಟನ್ ನೈಟ್ ಪದವಿ ನೀಡಿತು. ಆರೇಳು ವಾರಗಳಲ್ಲೇ ಅವರು ಕಣ್ಮುಚ್ಚಿದರು. ನಗಿಸುವವನಿಗೆ ಕೇಳುಗರ ನೋವಿನ ಅರಿವೂ ಇರಬೇಕೆಂಬುದು ಅವರು ದುಬಾರಿ ಬೆಲೆ ತೆತ್ತು ಕಲಿತ ಪಾಠ. ಆದರೂ ತನ್ನ ಸೋಲನ್ನು ಕಂಡು ತಾನೇ ನಗುವ ಅವರ ಗುಣ ಕೊನೆಯವರೆಗೂ ಬಾಡಲಿಲ್ಲ.