ಶವದ ಕಿವಿಯಲ್ಲಿ ಅಲೆಯನ್ನು ಕಂಡ ಬೇಕೇಶಿ

ಕಳೆದ ಶತಮಾನದ ಇಪ್ಪತ್ತರ ದಶಕ. ಬುಡಾಪೆಸ್ಟ್ ನಗರದ ಅಂಚೆ ಇಲಾಖೆಯ ಯಂತ್ರಾಗಾರದ ಕೆಲಸಗಾರರಿಗೆ ಒಂದು ಕಿರಿಕಿರಿ ಅಂಟಿಕೊಂಡಿತ್ತು. ಬೆಳಿಗ್ಗೆ ಬಂದು ನೋಡಿದರೆ ರಂಧ್ರ ಕೊರೆಯುವ ಯಂತ್ರದ ತುಂಬ ಮನುಷ್ಯರ ಮೂಳೆಯ ಪುಡಿ! ಶವಗಳಿಂದ ತೆಗೆದ ಕಿವಿಯ ಮೂಳೆಯನ್ನು ಅಲ್ಲಿ ಕೊರೆಯುತ್ತಿದ್ದವರು ಅದೇ ಇಲಾಖೆಯ ದೂರವಾಣಿ ಪ್ರಯೋಗಾಲಯದ ಯುವ ಭೌತವಿಜ್ಞಾನಿ ಜಾರ್ಜ್ ಫಾನ್ ಬೇಕೇಶಿ. ವೈದ್ಯರಲ್ಲದ ಈ ಅಂಚೆ ಇಲಾಖೆಯ ನೌಕರರಿಗೆ 1961ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಒಲಿದು ಬಂತು.

ಬೇಕೇಶಿ ಜನಿಸಿದ್ದು 1899ರ ಜೂನ್ 3ರಂದು, ಬುಡಾಪೆಸ್ಟ್‌ನಲ್ಲಿ. ತಂದೆ ರಾಜತಾಂತ್ರಿಕ ಸೇವೆಯಲ್ಲಿದ್ದುದರಿಂದ ಬಾಲ್ಯ ಮ್ಯೂನಿಕ್, ಕಾನ್‌ಸ್ಟಾಂಟಿನೋಪಲ್, ಜ್ಯೂರಿಕ್ ಎಂದು ಊರೂರು ಸುತ್ತುವುದರಲ್ಲೇ ಕಳೆಯಿತು. ಬರ್ನ್‌ನಲ್ಲಿ ರಸಾಯನಶಾಸ್ತ್ರ ಓದಿ, 1923ರಲ್ಲಿ ಬುಡಾಪೆಸ್ಟ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಮಹಾಯುದ್ಧದಲ್ಲಿ ಸೋತು ಬಡವಾಗಿದ್ದ ಹಂಗೇರಿಯಲ್ಲಿ ಒಳ್ಳೆಯ ಉಪಕರಣಗಳು ಉಳಿದಿದ್ದುದು ಅಂಚೆ ಇಲಾಖೆಯ ಪ್ರಯೋಗಾಲಯದಲ್ಲಿ. ಅವರು ಅಲ್ಲಿಗೇ ಸೇರಿದರು.

ಇಲಾಖೆಗೆ ಬೇಕಾಗಿದ್ದುದು ಉತ್ತಮ ದೂರವಾಣಿ. ಆದರೆ ತಂತಿಯನ್ನು ಸುಧಾರಿಸಬೇಕೋ ಉಪಕರಣವನ್ನೋ ಎಂದು ನಿರ್ಧರಿಸಬೇಕಾದರೆ, ಕೇಳುವ ಕಿವಿಯ ಗುಣಮಟ್ಟವೇ ಮೊದಲು ತಿಳಿಯಬೇಕು. ಹೀಗೆ ಕಚೇರಿಯ ಪ್ರಶ್ನೆಯೊಂದು ಒಳಕಿವಿಯ ಬಾಗಿಲಿಗೆ ಬಂದು ನಿಂತಿತು.

ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ, ದ್ರವ ತುಂಬಿದ ಕಾಕ್ಲಿಯಾದೊಳಗೆ ಸುಮಾರು 35 ಮಿಲಿಮೀಟರ್ ಉದ್ದದ ಬೇಸಿಲಾರ್ ಪೊರೆ ಇದೆ. ಶಬ್ದ ಬಂದಾಗ ಅದು ಹೇಗೆ ಕಂಪಿಸುತ್ತದೆ? ವೀಣೆಯ ತಂತಿಗಳಂತೆ ಒಂದೊಂದು ಸ್ವರಕ್ಕೆ ಒಂದೊಂದು ಎಳೆ ಮಿಡಿಯುತ್ತದೆ ಎಂಬುದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅವರ ವಾದ. ಪೊರೆಯೆಲ್ಲ ಒಟ್ಟಿಗೆ ಅದುರುತ್ತದೆ, ನಿಂತ ಅಲೆ ಏಳುತ್ತದೆ, ಅಲೆ ಸಾಗಿಹೋಗುತ್ತದೆ ಎಂಬ ಇನ್ನೂ ಮೂರು ವಾದಗಳಿದ್ದವು. ಬೇಕೇಶಿ ರಬ್ಬರಿನ ಪೊರೆಯನ್ನೂ ನೀರನ್ನೂ ಬಳಸಿ ಕಾಕ್ಲಿಯಾದ ಮಾದರಿಯನ್ನು ಕಟ್ಟಿದರು. ಆಗ ಕಂಡದ್ದು ವಿಚಿತ್ರ. ರಬ್ಬರಿನ ಬಿಗಿತವನ್ನು ಬದಲಿಸುತ್ತ ಹೋದರೆ ಅದೇ ಮಾದರಿ ನಾಲ್ಕೂ ವಾದಗಳನ್ನು ಸರದಿಯಂತೆ ನಿಜವೆಂದು ತೋರಿಸಿಬಿಡುತ್ತಿತ್ತು! ಬೇರೆಯವರಾಗಿದ್ದರೆ ತಮಗೊಪ್ಪುವ ಬಿಗಿತವನ್ನು ಆರಿಸಿಕೊಂಡು ಪ್ರಬಂಧ ಬರೆದುಬಿಡುತ್ತಿದ್ದರೋ ಏನೋ. ಬೇಕೇಶಿ ಮಾತ್ರ ನಿಜವಾದ ಪೊರೆಯ ಬಿಗಿತವನ್ನೇ ಅಳೆಯಲು ಹೊರಟರು. ಮೂಳೆಯ ಪುಡಿಯ ಕಥೆ ಹುಟ್ಟಿದ್ದು ಹೀಗೆ.

ಸೂಕ್ಷ್ಮ ಸಲಕರಣೆಗಳನ್ನು ತಾವೇ ತಯಾರಿಸಿಕೊಂಡು, ಅಂಗಾಂಶ ಒಣಗದಂತೆ ನೀರಿನೊಳಗೇ ಛೇದನ ನಡೆಸಿದರು. ಪಾರದರ್ಶಕ ಒಳಪೊರೆಯ ಮೇಲೆ ಬೆಳ್ಳಿಯ ನುಣ್ಣನೆಯ ಕಣಗಳನ್ನು ಉದುರಿಸಿ, ಮಿನುಗುವ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡಿದರು. ಬಾರಕೋಲನ್ನು ಝಾಡಿಸಿದಾಗ ಬಾರಿನುದ್ದಕ್ಕೂ ತೆರೆಯೊಂದು ಓಡುವುದಿಲ್ಲವೇ, ಹಾಗೆಯೇ ಪೊರೆಯ ಬುಡದಿಂದ ತುದಿಯತ್ತ ಅಲೆ ಸಾಗುತ್ತಿತ್ತು. ಬುಡದಲ್ಲಿ ಬಿಗಿ, ತುದಿಯಲ್ಲಿ ಸಡಿಲವಾಗಿರುವ ಆ ಪೊರೆಯ ಮೇಲೆ ಕೀರಲು ಸ್ವರದ ಅಲೆ ಬುಡದ ಬಳಿಯೇ ಉಬ್ಬಿ ಅಡಗಿದರೆ, ಮಂದ್ರ ಸ್ವರದ್ದು ತುದಿಯವರೆಗೂ ಹೋಗಿ ಉಬ್ಬುತ್ತಿತ್ತು. 1928ರಿಂದ ಈ ಫಲಿತಾಂಶಗಳು ಪ್ರಕಟವಾಗತೊಡಗಿದವು. ಮುಂದೆ ಅವರು ಇಲಿಯಿಂದ ಆನೆಯವರೆಗೆ ಹಲವು ಪ್ರಾಣಿಗಳ ಕಿವಿಯನ್ನು ಪರೀಕ್ಷಿಸಿದರು.

1946ರಲ್ಲಿ ತಾಯ್ನಾಡನ್ನು ತೊರೆದು ಸ್ಟಾಕ್‌ಹೋಮ್‌ಗೆ, ಮರುವರ್ಷ ಅಮೆರಿಕದ ಹಾರ್ವರ್ಡ್‌ಗೆ ತೆರಳಿದರು. ರೋಗಿಯೇ ಗುಂಡಿ ಒತ್ತಿ ಬಿಡುತ್ತ ತನ್ನ ಶ್ರವಣಮಿತಿಯ ಅಂಕುಡೊಂಕಿನ ನಕ್ಷೆಯನ್ನು ತಾನೇ ಬರೆಯುವ ಆಡಿಯೋಮೀಟರ್ 1947ರ ಅವರ ಕೊಡುಗೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂತಹ ಕಡೆ ಓದುವವರಿಗೆ ಬೇಕೇಶಿ ಹೆಸರು ಹೊಸತಲ್ಲ.

ಆದರೆ ಒಂದು ತೊಡಕು ಉಳಿದಿತ್ತು. ಬೇಕೇಶಿ ಕಂಡ ಅಲೆಯ ಉಬ್ಬು ಅಗಲವಾಗಿತ್ತು. ಅಕ್ಕಪಕ್ಕದ ಶ್ರುತಿಗಳ ಕೂದಲೆಳೆಯ ಅಂತರವನ್ನು ಗುರುತಿಸುವ ಗವಾಯಿಯ ಕಿವಿಗೆ ಅದು ಸಾಲದು. ಉಳಿದ ಹರಿತವನ್ನು ನರಮಂಡಲ ಒದಗಿಸುತ್ತದೆ ಎಂದು ಅವರು ನಂಬಿದರು. ಅದನ್ನು ತೋರಿಸಲು ನೀರು ತುಂಬಿದ ಕೊಳವೆಯೊಂದರ ಮೇಲೆ ಮುಂಗೈಯನ್ನು ಇರಿಸುವ ಮಾದರಿ ನಿರ್ಮಿಸಿದರು. ಕಂಪನ ತೋಳಿನುದ್ದಕ್ಕೂ ಹರಿದರೂ ಚರ್ಮಕ್ಕೆ ಒಂದೇ ಕಡೆ ತಟ್ಟಿದಂತೆ ಅನ್ನಿಸುತ್ತಿತ್ತು. ಬಹು ಜಾಣ ಪ್ರಯೋಗ. ಆದರೆ ಕೊರತೆ ಇದ್ದುದು ಬೇರೆ ಕಡೆ: ಅವರು ಅಳೆದದ್ದು ಶವದ ಕಿವಿಯನ್ನು, ಅದೂ ಕಿವಿಗಡಚಿಕ್ಕುವ ಶಬ್ದದಲ್ಲಿ. ಜೀವಂತ ಕಿವಿ ತಾನೇ ಶಕ್ತಿ ವ್ಯಯಿಸಿ ಅಲೆಯನ್ನು ಹರಿತಗೊಳಿಸುತ್ತಿರಬೇಕೆಂದು ಥಾಮಸ್ ಗೋಲ್ಡ್ 1948ರಲ್ಲೇ ವಾದಿಸಿದ್ದರು. ಬೇಕೇಶಿ ಅವರ ಕೀರ್ತಿಯ ಎದುರು ಆ ತರುಣನ ಮಾತು ಯಾರ ಕಿವಿಗೂ ಬೀಳಲಿಲ್ಲ.

1966ರಲ್ಲಿ ಹವಾಯಿ ವಿಶ್ವವಿದ್ಯಾಲಯ ಸೇರಿದ ಬೇಕೇಶಿ 1972ರ ಜೂನ್ 13ರಂದು ಹೊನೊಲುಲುವಿನಲ್ಲಿ ನಿಧನರಾದರು. ಜೀವಮಾನವಿಡೀ ಕೂಡಿಸಿದ ಕಲಾಕೃತಿಗಳನ್ನು ನೊಬೆಲ್ ಪ್ರತಿಷ್ಠಾನಕ್ಕೆ ಬಿಟ್ಟುಹೋದರು. ಅದಕ್ಕೆ ಒಂದು ವರ್ಷ ಮೊದಲು ವಿಲಿಯಂ ರೋಡ್ ಜೀವಂತ ಕೋತಿಗಳ ಕಿವಿಯಲ್ಲಿ, ಮೆಲುದನಿಗೆ ಪೊರೆ ಹೆಚ್ಚು ಸ್ಪಂದಿಸುವುದನ್ನು ಅಳೆದಿದ್ದರು. 1978ರಲ್ಲಿ ಡೇವಿಡ್ ಕೆಂಪ್ ಕಿವಿಯೇ ಸದ್ದು ಹೊರಡಿಸುತ್ತದೆಂದು ತೋರಿಸಿದರು. ಹೊರಗಿನ ರೋಮಕೋಶಗಳು ಹಿಗ್ಗಿ ಕುಗ್ಗುತ್ತವೆಂಬುದು 1985ರಲ್ಲಿ ಬೆಳಕಿಗೆ ಬಂತು. ಗೋಲ್ಡ್ ಗೆದ್ದರು, ಕೇಳಲು ಬೇಕೇಶಿ ಇರಲಿಲ್ಲ.

ಇಂದು ರಬ್ಬರಿನ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಶ್ರವಣದ ಗಣಕ ಮಾದರಿಗಳೊಡನೆ ಪ್ರಾತ್ಯಕ್ಷಿಕೆಗಾಗಿ ಪುಟ್ಟ ಸ್ಕ್ರಿಪ್ಟ್‌ಗಳೂ ಸಿಗುತ್ತವೆ. ಚಲಾಯಿಸಿದರೆ ಸಾಕು, ಸ್ವರವೊಂದು ಪೊರೆಯ ಮೇಲೆ ಎಲ್ಲಿ ಉಬ್ಬುತ್ತದೆಂಬ ಚಿತ್ರ ಪರದೆಯ ಮೇಲೆ ಮೂಡುತ್ತದೆ. ರೋಮಕೋಶಗಳ ಬಲವನ್ನು ಸೂಚಿಸುವ ಅಂಕಿಯನ್ನು ಸೊನ್ನೆ ಮಾಡಿ ಮತ್ತೆ ಚಲಾಯಿಸಿದರೆ ಶಿಖರ ತಗ್ಗಿ ಅಗಲವಾಗುತ್ತದೆ. ಬೆಳ್ಳಿಯ ಕಣಗಳ ನಡುವೆ ಬೇಕೇಶಿ ಕಂಡಿದ್ದು ಹೆಚ್ಚುಕಡಿಮೆ ಅದೇ ಅಲೆ.