ಬುಟ್ಟಿ ಹಿಡಿದ ತಾಯಿ

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆಯ ತೋಪು 2007ರಲ್ಲಿ ಜೀವವೈವಿಧ್ಯ ಪರಂಪರೆಯ ತಾಣವೆನಿಸಿತು. ಟೊಳ್ಳುಬಿದ್ದ ಆ ಮುದಿಮರಗಳಿಗೆ ಸಂದ ಮನ್ನಣೆಯನ್ನು ನೆನೆದಾಗಲೆಲ್ಲ, ಮುಪ್ಪಡಸಿದ ಮನುಷ್ಯರಿಗೂ ಅಂಥ ಮನ್ನಣೆ ಸಲ್ಲಬೇಕೆಂದು ಬಾಳು ಸವೆಸಿದ ಜೀನ್ ಜುಗಾನ್ ನನ್ನ ಕಣ್ಣಮುಂದೆ ನಿಲ್ಲುತ್ತಾಳೆ.

ಆಕೆ ಹುಟ್ಟಿದುದು 1792ರಲ್ಲಿ, ಫ್ರಾನ್ಸಿನ ಬ್ರಿಟನಿ ಕರಾವಳಿಯ ಕಾಂಕಾಲ್ ಎಂಬ ಬೆಸ್ತರ ಊರಿನಲ್ಲಿ. ಕಡಲಿಗಿಳಿದ ತಂದೆ ಮರಳಲಿಲ್ಲ. ಹದಿಹರೆಯದಲ್ಲಿ ಸಿರಿವಂತರ ಅಡುಗೆಮನೆಯ ಊಳಿಗ. ಮುಂದೆ ಸೇಂಟ್ ಸರ್ವಾನ್ ಪಟ್ಟಣದ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆ. 1839ರ ಚಳಿಗಾಲದಲ್ಲಿ ಕಣ್ಣು ಕಾಣದ, ಪಾರ್ಶ್ವವಾಯು ಬಡಿದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು, ತನ್ನ ಹಾಸಿಗೆಯನ್ನು ಬಿಟ್ಟುಕೊಟ್ಟು, ತಾನು ಅಟ್ಟದಲ್ಲಿ ಮಲಗಿದಳು. ‘ಬಡವರ ಕಿರಿಯ ಸಹೋದರಿಯರು’ ಎಂಬ ಸಂಘಕ್ಕೆ ಅದೇ ಬೀಜ.

ಮನೆ ತುಂಬಿತು, ದುಡಿಮೆ ಸಾಲದಾಯಿತು. ಆಕೆ ಬುಟ್ಟಿ ಹಿಡಿದು ಮನೆಮನೆಯ ಮುಂದೆ ನಿಂತಳು. ಗೋಪಾಳಬುಟ್ಟಿಯ ದಾಸರನ್ನು ಬಲ್ಲ ನಮಗೆ ಈ ಭಿಕ್ಷೆಯ ಹಿರಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1845ರಲ್ಲಿ ಫ್ರೆಂಚ್ ಅಕಾಡೆಮಿಯೂ ಆಕೆಗೆ ಮಾಂತ್ಯೋನ್ ಪಾರಿತೋಷಕವನ್ನಿತ್ತು ಗೌರವಿಸಿತು.

ಆದರೆ ಸಂಘದೊಳಗೆ ನಡೆದುದೇ ಬೇರೆ. 1843ರಲ್ಲಿ ಸಹೋದರಿಯರು ಆಕೆಯನ್ನು ಮತ್ತೆ ಮುಖ್ಯಸ್ಥೆಯನ್ನಾಗಿ ಆರಿಸಿದರು. ಲ ಪೈಯರ್ ಎಂಬ ಪಾದ್ರಿ ಆ ಆಯ್ಕೆಯನ್ನು ತಳ್ಳಿಹಾಕಿ 23ರ ಹರೆಯದ ಮರೀ ಜಾಮೆಯನ್ನು ಆ ಸ್ಥಾನದಲ್ಲಿ ಕೂರಿಸಿದನು. 1852ರಲ್ಲಿ ಜೀನಳ ಭಿಕ್ಷಾಟನೆಯೂ ನಿಂತಿತು. ಆಕೆಯನ್ನು ಮಠದೊಳಕ್ಕೆ ಕರೆಸಿಕೊಂಡರು. ಅಲ್ಲಿ ಕಳೆದ ವರ್ಷಗಳು 27. ಸಂಘಕ್ಕೆ ತಾನೇ ಸ್ಥಾಪಕನೆಂದು ಪಾದ್ರಿ ಹೇಳಿಕೊಂಡನು. ಹೊಸದಾಗಿ ಬಂದ ತರುಣಿಯರು ತಮ್ಮ ನಡುವಣ ವೃದ್ಧೆ ಯಾರೆಂದರಿಯದೆ ದೀಕ್ಷೆ ಪಡೆದರು. 1879ರಲ್ಲಿ ಆಕೆ ಕಣ್ಮುಚ್ಚಿದಾಗ ಸಹೋದರಿಯರ ಸಂಖ್ಯೆ ಸುಮಾರು 2400. ಪಾದ್ರಿಯ ಅಧಿಕಾರ 1890ರಲ್ಲಿ ಹೋಯಿತು. ನಿಜ ಹೊರಬಿದ್ದುದು ಅನಂತರವೇ. 2009ರಲ್ಲಿ ಆಕೆಗೆ ಸಂತಪದವಿ ದೊರೆಯಿತು.

ತಮ್ಮ ಕೃತಿಗೆ ದೇವರ ಹೆಸರನ್ನೇ ಅಂಕಿತವಾಗಿರಿಸಿದ ವಚನಕಾರರನ್ನೂ ದಾಸರನ್ನೂ ತರಗತಿಯಲ್ಲಿ ಪಾಠ ಹೇಳುವವನು ನಾನು. ಹೆಸರನ್ನು ತಾನಾಗಿ ಬಿಡುವುದು ಬೇರೆ, ಅದನ್ನು ಇನ್ನೊಬ್ಬರು ಕಿತ್ತುಕೊಳ್ಳುವುದು ಬೇರೆ. ಜೀನಳ ತಾಳ್ಮೆ ದೊಡ್ಡದು; ಅದರಿಂದ ಆಕೆಗಾದ ಅನ್ಯಾಯ ಸಣ್ಣದಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಅರಿತರೆ ಮಾತ್ರ ಈ ಬಾಳು ನಮಗೆ ದಕ್ಕೀತು.

1900ರಲ್ಲಿ ಈ ಸಹೋದರಿಯರು ಬೆಂಗಳೂರಿಗೂ ಬಂದರು. ಹೊಸೂರು ರಸ್ತೆಯ ಅವರ ವೃದ್ಧಾಶ್ರಮದಲ್ಲಿ ಯಾವ ಮುದುಕಿಗೆ ಹಾಸಿಗೆ ಹಾಸಿದರೂ, ಅದು ಅಂದು ಜೀನ್ ಬಿಟ್ಟುಕೊಟ್ಟ ಹಾಸಿಗೆಯೇ.